ಅಟ್ಟದ ಮೇಲಿನ ದೂತ

ಕಳೆದ ಮೇ ತಿಂಗಳ ಒಂದು ಸಂಜೆ, ಬೆಂಗಳೂರಿನಲ್ಲಿ ಮಗಳ ಮನೆಯ ಬಾಲ್ಕನಿಯಲ್ಲಿ ಕುಳಿತು ಕಾಫಿ ಕುಡಿಯುತ್ತಿದ್ದಾಗ, ಕಿಸೆಯಲ್ಲಿದ್ದ ಮೊಬೈಲು ಸಣ್ಣಗೆ ಗುಂಯ್‌ಗುಟ್ಟಿತು. ತೆಗೆದು ನೋಡಲಾಗಿ ಟೆಲಿಗ್ರಾಂನಲ್ಲಿ ಹೀಗೊಂದು ವಾರ್ತೆ ಬಂದಿದ್ದಿತು: “ಮನೆಯಲ್ಲಿ ಕರೆಂಟು ಹೋಗಿದೆ. ಯುಪಿಎಸ್ ಬ್ಯಾಟರಿ 96%.” ಸ್ವಲ್ಪ ಹೊತ್ತು ಕಳೆದ ಮೇಲೆ ಮತ್ತೊಂದು: “ಬ್ಯಾಟರಿ 30%. ಡಿಸ್ಕುಗಳನ್ನು ಕ್ರಮವಾಗಿ ಮುಚ್ಚಿ ಮಲಗುತ್ತೇನೆ.” ಸಾಗರದ ಬಳಿಯ ನಮ್ಮ ಹಳ್ಳಿಮನೆಯಲ್ಲಿ ಆಗ ಮನುಷ್ಯಮಾತ್ರದವರು ಯಾರೂ ಇರಲಿಲ್ಲ, ಬಾಗಿಲಿಗೆ ಬೀಗ ಬಿದ್ದು ಹನ್ನೊಂದು ದಿನಗಳಾಗಿದ್ದವು. ಮುಂಗಾರಿಗೆ ಮೊದಲು ಗುಡುಗು ಸಿಡಿಲುಗಳೊಡನೆ ಬಂದೆರಗುವ ಮಳೆಯ ಸುದ್ದಿಯನ್ನು ಅಷ್ಟು ದೂರಕ್ಕೆ ಮುಟ್ಟಿಸಿದುದು ಅಟ್ಟದ ಮೇಲೆ, ಹಳೆಯ ಅಡಕೆ ಲೆಕ್ಕದ ಪುಸ್ತಕಗಳ ಮಗ್ಗುಲಲ್ಲಿ ಕುಳಿತಿರುವ, ಇಸ್ಪೀಟಿನ ಕಟ್ಟಿಗಿಂತ ಬಹಳ ದೊಡ್ಡದೇನೂ ಅಲ್ಲದ ಒಂದು ಯಂತ್ರ.

ಆ ಯಂತ್ರವು ನಮ್ಮ ಮನೆಗೆ ಬಂದುದಕ್ಕೆ ಕಾರಣ ತಾಳಮದ್ದಳೆ. ನಮ್ಮ ತಂದೆಯವರು ಊರೂರು ತಿರುಗಿ ಕೂಟಗಳನ್ನು ಕ್ಯಾಸೆಟ್ಟುಗಳಲ್ಲಿ ಹಿಡಿದಿಡುತ್ತಿದ್ದರು. ಅವರ ಕಾಲಾನಂತರ ಮಲೆನಾಡಿನ ತೇವಕ್ಕೆ ಆ ಕ್ಯಾಸೆಟ್ಟುಗಳು ಬೂಷ್ಟು ಹಿಡಿಯತೊಡಗಿದುದನ್ನು ಕಂಡು, ಸೋದರಳಿಯನೊಬ್ಬನು ಎರಡು ಬೇಸಗೆ ರಜೆಗಳನ್ನು ವ್ಯಯಿಸಿ ಅವೆಲ್ಲವನ್ನೂ ಗಣಕಕ್ಕೆ ಇಳಿಸಿದನು. ಇಳಿಸಿದ ಮೇಲೆ ಎಲ್ಲಿಡುವುದು? ತಿಂಗಳು ತಿಂಗಳು ಬಾಡಿಗೆ ತೆತ್ತು ಯಾವುದೋ ದೂರದೇಶದ ಸಂಸ್ಥೆಯ ಉಗ್ರಾಣದಲ್ಲಿ ತಂದೆಯ ಧ್ವನಿಯನ್ನು ಇರಿಸಲು ನನಗೆ ಮನಸ್ಸು ಒಡಂಬಡಲಿಲ್ಲ. “ಹಾಗಾದರೆ ಮನೆಯಲ್ಲೇ ಒಂದು ಸರ್ವರ್ ಇಟ್ಟರಾಯಿತು ಮಾವ” ಎಂದು ಅವನು ಹೇಳಿ, ರಾಸ್ಪ್‌ಬೆರಿ ಪೈ ಎಂಬ ಗಣಕವನ್ನೂ ಎರಡು ಹಾರ್ಡ್ ಡಿಸ್ಕುಗಳನ್ನೂ ತಂದು ಅಟ್ಟದ ಮೇಲೆ ಸ್ಥಾಪಿಸಿದನು. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಮಕ್ಕಳಿಗೆ ಗಣಕವಿದ್ಯೆಯನ್ನು ಕಲಿಸುವ ಉದ್ದೇಶದಿಂದ ರೂಪುಗೊಂಡು 2012ರ ಫೆಬ್ರವರಿ 29ರಂದು ಮಾರಾಟಕ್ಕೆ ಬಂದ ಈ ಅಗ್ಗದ ಯಂತ್ರವು, ಮಕ್ಕಳ ಕೈಯಿಂದ ಜಾರಿ, ಲೋಕದ ಅದೆಷ್ಟೋ ಮನೆಗಳ ಮೂಲೆಗಳಲ್ಲಿ ಹಗಲಿರುಳು ನಿದ್ರೆಯಿಲ್ಲದ ಪರಿಚಾರಕನಾಗಿ ನಿಂತಿರುವುದು ಅದನ್ನು ನಿರ್ಮಿಸಿದವರೂ ಎಣಿಸಿರದ ಸಂಗತಿಯಾಗಿರಬಹುದು.

ಪರಿಚಾರಕನನ್ನು ಇಟ್ಟುಕೊಂಡ ಮೇಲೆ ಅವನ ಯೋಗಕ್ಷೇಮವನ್ನು ವಿಚಾರಿಸಬೇಕಷ್ಟೆ. ಮನೆಯಲ್ಲಿದ್ದಾಗ ಅಟ್ಟ ಹತ್ತಿ ದೀಪ ಮಿನುಗುತ್ತಿದೆಯೇ ಎಂದು ನೋಡಿ ಇಳಿಯುತ್ತಿದ್ದೆ. ಪರಸ್ಥಳದಲ್ಲಿದ್ದಾಗ ಏನು ಗತಿ? ದೂರದಿಂದ ಒಂದು ವಸ್ತುವಿನ ಸ್ಥಿತಿಯನ್ನು ತಿಳಿಯುವ ಈ ಆಸೆ ಹೊಸತಲ್ಲ. ಅದೇ ಕೇಂಬ್ರಿಜ್‌ನ ಗಣಕ ವಿಭಾಗದ ವಿದ್ವಾಂಸರು, ಮೆಟ್ಟಿಲಿಳಿದು ಹೋದಾಗ ಕಾಫಿಯ ಪಾತ್ರೆ ಬರಿದಾಗಿರುವುದನ್ನು ಕಂಡು ಬೇಸತ್ತು, 1991ರಲ್ಲಿ ಅದರೆದುರು ಒಂದು ಕ್ಯಾಮೆರಾವನ್ನೇ ನಿಲ್ಲಿಸಿದ್ದರು. 1993ರಿಂದ 2001ರವರೆಗೆ ಆ ಪಾತ್ರೆಯನ್ನು ಇಂಟರ್‌ನೆಟ್ಟಿನ ಮೂಲಕ ಜಗತ್ತೆಲ್ಲವೂ ನೋಡಿತು. ಆದರೆ ನೋಡುವುದೊಂದು, ಕೇಳಿದರೆ ಹೇಳುವುದೊಂದು. ಹರಟೆಯ ಕೋಣೆಯಲ್ಲಿ ಯಂತ್ರವನ್ನೂ ಒಬ್ಬ ಸದಸ್ಯನನ್ನಾಗಿ ಕೂರಿಸಿ ಅದರೊಡನೆ ಮಾತಾಡುವ ಪದ್ಧತಿ, 1988ರಲ್ಲಿ ಫಿನ್‌ಲೆಂಡಿನ ಔಲುವಿನಲ್ಲಿ ಹುಟ್ಟಿದ ಐಆರ್‌ಸಿ ಎಂಬ ಹರಟೆಜಾಲದಲ್ಲಿ ಬೆಳೆದು, ಗಿಟ್‌ಹಬ್ ಸಂಸ್ಥೆಯು 2011ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟ ಹ್ಯೂಬಾಟ್‌ನಿಂದ ಕಚೇರಿಗಳನ್ನು ಹೊಕ್ಕಿತು. ಟೆಲಿಗ್ರಾಂ 2015ರ ಜೂನ್‌ನಲ್ಲಿ ಬಾಟ್‌ಗಳಿಗೆ ಬಾಗಿಲು ತೆರೆದ ಮೇಲೆ ಅದು ಗೃಹಸ್ಥರ ಕೈಗೂ ಎಟುಕಿತು.

ಬಾಟ್ ಎಂದರೆ ಇಷ್ಟೆ: ಟೆಲಿಗ್ರಾಂನಲ್ಲಿರುವ ‘ಬಾಟ್‌ಫಾದರ್’ ಎಂಬ ಮೂಲ ಬಾಟ್‌ಗೆ ಬರೆದು ಒಂದು ಹೆಸರನ್ನೂ ಟೋಕನ್ ಎಂಬ ಉದ್ದನೆಯ ಗುಪ್ತಾಕ್ಷರಮಾಲೆಯನ್ನೂ ಪಡೆಯುವುದು, ಆ ಟೋಕನ್ನನ್ನು ಮುಂದಿಟ್ಟುಕೊಂಡು ಟೆಲಿಗ್ರಾಂನ ಬಾಗಿಲಿಗೆ ಹೋಗಿ “ನನಗೇನಾದರೂ ಮಾತಿದೆಯೇ?” ಎಂದು ವಿಚಾರಿಸುತ್ತಿರುವ ಒಂದು ಸಣ್ಣ ಪ್ರೋಗ್ರಾಮನ್ನು ಮನೆಯ ಸರ್ವರಿನಲ್ಲಿ ಓಡಿಸುವುದು. ವಿಚಾರಿಸಲು ಹೋಗತಕ್ಕದ್ದು ಮನೆಯ ಯಂತ್ರವೇ ಎಂಬುದರಲ್ಲಿ ಒಂದು ಸೊಗಸಿದೆ. ನಮ್ಮಲ್ಲಿ ಬಹುಮಟ್ಟಿನ ಮನೆಗಳ ಇಂಟರ್‌ನೆಟ್ಟಿಗೆ ಸ್ವಂತದ ವಿಳಾಸವಿರುವುದಿಲ್ಲ. ವಠಾರದ ಮನೆಗಳೆಲ್ಲಕ್ಕೂ ಒಂದೇ ಬೀದಿಬಾಗಿಲಿದ್ದ ಹಾಗೆ ಅನೇಕ ಗಿರಾಕಿಗಳು ಒಂದೇ ವಿಳಾಸವನ್ನು ಹಂಚಿಕೊಂಡಿರುತ್ತಾರೆ. ಹೊರಗಿನವನು ನೇರವಾಗಿ ನಮ್ಮ ಮನೆಯ ಕದ ತಟ್ಟಲಾರ. ಒಳಗಿನವನು ಹೊರಗೆ ಹೋಗಿ ಬರುವುದಕ್ಕೆ ಅಡ್ಡಿಯಿಲ್ಲ. ಆದ್ದರಿಂದ ರೌಟರಿನಲ್ಲಿ ಒಂದು ಕಿಂಡಿಯನ್ನೂ ಕೊರೆಯದೆ ಬಾಟ್ ತನ್ನ ಕೆಲಸವನ್ನು ನಡೆಸಿಕೊಂಡು ಹೋಗುತ್ತದೆ.

ಮೊದಲ ವಾರ ನನಗೆ ಹೊಸ ಆಟಿಕೆ ದೊರೆತ ಬಾಲಕನ ಸಂಭ್ರಮ. ಕೇಳಿದ ಕೂಡಲೆ ಉತ್ತರ ಬರುತ್ತಿದ್ದಿತು: ಡಿಸ್ಕು ಎಷ್ಟು ತುಂಬಿದೆ, ಶಾಖವೆಷ್ಟು, ಕಡೆಯ ಬ್ಯಾಕಪ್ ಎಂದಾಯಿತು. ಈ ಯಂತ್ರವು 80 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ತಾನಾಗಿಯೇ ವೇಗವನ್ನು ತಗ್ಗಿಸಿಕೊಳ್ಳತೊಡಗುವುದರಿಂದ, ಅಳಿಯನು 75ಕ್ಕೆ ಎಚ್ಚರಿಸುವಂತೆ ಬರೆದಿದ್ದನು. ಹೆಂಚಿನ ಕೆಳಗಿನ ಅಟ್ಟವಾದ್ದರಿಂದ ಮಧ್ಯಾಹ್ನದ ಹೊತ್ತಿಗೆ ಶಾಖವು 75ರ ಮೇಲಕ್ಕೊಮ್ಮೆ ಕೆಳಕ್ಕೊಮ್ಮೆ ತುಯ್ದಾಡುವುದು. ಪ್ರತಿ ತುಯ್ದಾಟಕ್ಕೂ ಒಂದು ‘ಎಚ್ಚರ’, ಒಂದು ‘ಶಮನ’. ಒಂದು ಮಧ್ಯಾಹ್ನ ನಲವತ್ತಕ್ಕೂ ಹೆಚ್ಚು ಸಂದೇಶಗಳು ಬಂದುದನ್ನು ಸಹಿಸಲಾರದೆ ಅದರ ಸದ್ದನ್ನೇ ಅಡಗಿಸಿಬಿಟ್ಟೆನು. ಆ ಮರುವಾರದಲ್ಲಿಯೇ ಎರಡನೆಯ ಡಿಸ್ಕು ಕೆಡಲು ಆರಂಭಿಸಿದುದನ್ನು ಬಾಟ್ ಯಥಾವತ್ತಾಗಿ ವರದಿಮಾಡಿತ್ತು. ನಾನು ನೋಡಿದುದು ಐದು ದಿನಗಳ ಮೇಲೆ.

ಡಿಸ್ಕು ಕೆಡುವ ಪರಿಯನ್ನು ಇಲ್ಲಿ ಒಂದಿಷ್ಟು ಹೇಳಬೇಕು. ಹೆಂಚಿನ ಮನೆಯವರು ಅಟ್ಟದಲ್ಲಿ ಒಂದಷ್ಟು ಹೆಚ್ಚುವರಿ ಹೆಂಚುಗಳನ್ನು ಕೂಡಿಟ್ಟು, ಒಡೆದಲ್ಲಿಗೆ ಒಂದೊಂದನ್ನು ಹೊದಿಸುತ್ತ ಬರುವಂತೆ, ಹಾರ್ಡ್ ಡಿಸ್ಕು ಕೂಡ ತನ್ನ ತಟ್ಟೆಯ ಯಾವುದೋ ಭಾಗ ಹಾಳಾದಾಗ ಮೀಸಲಿನಿಂದ ಇನ್ನೊಂದು ಭಾಗವನ್ನು ಆ ಸ್ಥಾನಕ್ಕೆ ನಿಯೋಜಿಸಿ, ಹಾಗೆ ಮಾಡಿದುದರ ಲೆಕ್ಕವನ್ನು ಒಳಗೇ ಬರೆದಿಟ್ಟುಕೊಳ್ಳುತ್ತದೆ. ಕೇಳಿದವರಿಗೆ ಆ ಲೆಕ್ಕವನ್ನು ಒಪ್ಪಿಸುವ ಏರ್ಪಾಡಿಗೆ ಸ್ಮಾರ್ಟ್ ಎಂದು ಹೆಸರು. ಸೊನ್ನೆಯಾಗಿದ್ದ ಆ ಸಂಖ್ಯೆ ಎಂಟಾಯಿತೆಂದರೆ ಭಯಪಡಬೇಕಿಲ್ಲ; ದಿನದಿನಕ್ಕೆ ಏರುತ್ತಿದೆಯೆಂದರೆ ಮಾತ್ರ ಹೊಸ ಡಿಸ್ಕಿಗೆ ಹಣ ಹೊಂದಿಸಬೇಕು. ನಮ್ಮದು ಐದು ದಿನಗಳಲ್ಲಿ ಎಂಟರಿಂದ ನೂರಾ ನಾಲ್ಕಕ್ಕೆ ಏರಿದ್ದಿತು. ಮೊದಲನೆಯ ಡಿಸ್ಕಿನಲ್ಲಿ ಪ್ರತಿ ಇದ್ದುದರಿಂದ ಉಳಿದೆವು.

ಈಗ ಶಾಖವು 75 ದಾಟಿ ಹತ್ತು ನಿಮಿಷ ಅಲ್ಲಿಯೇ ನಿಂತರೆ ಮಾತ್ರ ಬಾಟ್ ಬಾಯಿ ತೆರೆಯುತ್ತದೆ. 68ಕ್ಕೆ ಇಳಿಯುವ ತನಕ ಮತ್ತೆ ಸೊಲ್ಲೆತ್ತುವುದಿಲ್ಲ. ದೂತನಿಗೆ ಮಾತು ಕಲಿಸಲು ಒಂದು ಸಂಜೆ ಸಾಕಾಯಿತು. ಸುಮ್ಮನಿರುವುದನ್ನು ಕಲಿಸಲು ಎರಡು ತಿಂಗಳು ಬೇಕಾದವು.

ದೂತನೆಂಬ ಶಬ್ದವನ್ನು ನಾನು ಬೇಕೆಂದೇ ಬಳಸಿದೆನು. ಮೈಸೂರಿನ ಪ್ರಾಚ್ಯ ಪುಸ್ತಕಾಲಯದಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ದೊರೆತು 1909ರಲ್ಲಿ ಅವರಿಂದ ಪ್ರಕಟವಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದೂತರನ್ನು ಮೂರು ಬಗೆಯಾಗಿ ವಿಂಗಡಿಸಿದೆ: ಸಂದರ್ಭಕ್ಕೆ ತಕ್ಕಂತೆ ತಾನೇ ನಿರ್ಣಯಿಸಿ ಕಾರ್ಯಮಾಡುವ ಪೂರ್ಣಾಧಿಕಾರವುಳ್ಳ ನಿಸೃಷ್ಟಾರ್ಥ, ಗೊತ್ತುಪಡಿಸಿದ ಕಾರ್ಯದ ಮೇರೆಯೊಳಗೆ ಮಾತ್ರ ವ್ಯವಹರಿಸುವ ಪರಿಮಿತಾರ್ಥ, ಓಲೆಯನ್ನು ಒಯ್ದು ಮುಟ್ಟಿಸುವುದಷ್ಟೇ ಕೆಲಸವಾದ ಶಾಸನಹರ. ಮನೆಯ ಬಾಟ್‌ಗೆ ಎಷ್ಟು ಅಧಿಕಾರ ಕೊಡಬೇಕೆಂಬ ಚರ್ಚೆಯಲ್ಲಿ ನಾನೂ ಅಳಿಯನೂ ಒಂದು ರಾತ್ರಿ ಊಟದ ಎಲೆಯ ಮುಂದೆ ಕೈ ಒಣಗುವ ತನಕ ಕುಳಿತಿದ್ದಾಗ ನನಗೆ ನೆನಪಾದುದು ಈ ವಿಂಗಡಣೆ. ಅವನಿಗೆ, ಮೊಬೈಲಿನಲ್ಲಿ ಯಾವ ಆಜ್ಞೆಯನ್ನು ಬರೆದರೂ ಸರ್ವರ್ ಅದನ್ನು ನಡೆಸಬೇಕೆಂಬ ಹುಮ್ಮಸ್ಸು. “ಹಾಗಾದರೆ ನಿನ್ನ ಮೊಬೈಲನ್ನು ಬಸ್ಸಿನಲ್ಲಿ ಕದ್ದವನೇ ನಮ್ಮ ಅಟ್ಟಕ್ಕೆ ಯಜಮಾನನಲ್ಲವೆ?” ಎಂದೆ. ಅವನು ನಕ್ಕು ಮಜ್ಜಿಗೆ ಬಡಿಸಿಕೊಂಡನು.

ಕಡೆಗೆ ಪರಿಮಿತಾರ್ಥನೇ ಗೆದ್ದನು. ನಮ್ಮ ಬಾಟ್ ಬಲ್ಲ ಆಜ್ಞೆಗಳು ಆರು; ಏಳನೆಯದನ್ನು ಬರೆದರೆ “ತಿಳಿಯಲಿಲ್ಲ” ಎನ್ನುತ್ತದೆ. ಸ್ಥಿತಿ ಕೇಳಿದರೆ ತಡವಿಲ್ಲದೆ ಹೇಳುವುದು, ಆದರೆ ಯಂತ್ರವನ್ನು ಪುನಃ ಚಾಲನೆಗೊಳಿಸೆಂದರೆ “ನಿಜವೇ?” ಎಂದು ಕೇಳಿ ‘ಹೌದು’, ‘ಬೇಡ’ ಎಂಬ ಎರಡು ಗುಂಡಿಗಳನ್ನು ತೋರಿಸಿ, ಒಂದು ನಿಮಿಷದೊಳಗೆ ಒತ್ತದಿದ್ದರೆ ಮರೆತುಬಿಡುವುದು. ಅಳಿಸುವ ಆಜ್ಞೆಯನ್ನು ಅದಕ್ಕೆ ಕಲಿಸಿಯೇ ಇಲ್ಲ. ಬಾಟ್‌ನ ಹೆಸರು ತಿಳಿದ ಯಾರು ಬೇಕಾದರೂ ಅದಕ್ಕೆ ಬರೆಯಬಹುದೆಂಬುದನ್ನು ಹಲವರು ಅರಿಯರು. ನಮ್ಮದಕ್ಕೂ ಒಂದು ದಿನ ಯಾರೋ ಅಪರಿಚಿತರು ಬರೆದಿದ್ದರು. ಆದಕಾರಣ ನಾವು ಮೂವರ ಟೆಲಿಗ್ರಾಂ ಗುರುತಿನ ಸಂಖ್ಯೆಗಳನ್ನು ಅದರೊಳಗೆ ಬರೆದಿಟ್ಟು, ಉಳಿದವರಿಗೆ ಉತ್ತರವನ್ನೇ ಕೊಡದಂತೆ ಮಾಡಿದ್ದೇವೆ. ಬಾಟ್‌ನೊಡನೆ ಆಡುವ ಮಾತು, ಕಳುಹಿಸಿದವನೂ ಪಡೆದವನೂ ಹೊರತು ಮತ್ತಾರೂ ಓದಲಾಗದಂತೆ ಬೀಗ ಹಾಕಿದ ಮಾತಲ್ಲ. ನಡುವೆ ಸಂಸ್ಥೆಯ ಯಂತ್ರಗಳನ್ನು ಹಾದೇ ಬರುತ್ತದೆ. ಹೀಗಾಗಿ ಅದು ಸಂಖ್ಯೆಗಳನ್ನು ಹೇಳುತ್ತದೆಯೇ ವಿನಾ ಕಡತದ ಹೆಸರುಗಳನ್ನು ಹೇಳುವುದಿಲ್ಲ.

ಭಾಷೆಯ ವಿಷಯದಲ್ಲಿ ಒಂದು ಸಣ್ಣ ಕೊರತೆ. ಓರೆಗೆರೆಯಿಂದ ಆರಂಭವಾಗಿ ಪಟ್ಟಿಯಲ್ಲಿ ಕಾಣಿಸಿಕೊಳ್ಳುವ ಆಜ್ಞೆಗಳು ಟೆಲಿಗ್ರಾಂನಲ್ಲಿ ಇಂಗ್ಲಿಷಿನ ಸಣ್ಣಕ್ಷರಗಳಲ್ಲಿಯೇ ಇರಬೇಕು. ಗುಂಡಿಗಳ ಮೇಲೂ ಉತ್ತರದಲ್ಲೂ ಕನ್ನಡಕ್ಕೆ ತಡೆಯಿಲ್ಲವಾದ್ದರಿಂದ, ನಮ್ಮದು ‘ಆರೋಗ್ಯ’ ಎಂದು ಕನ್ನಡದಲ್ಲಿ ಬರೆದರೂ ಅರ್ಥಮಾಡಿಕೊಳ್ಳುವಂತಾಗಿದೆ. ನಮ್ಮಾಕೆ ಒಮ್ಮೆ ಕುತೂಹಲದಿಂದ “ಊಟ ಆಯ್ತೇನೋ?” ಎಂದು ಬರೆದಳು. “ತಿಳಿಯಲಿಲ್ಲ” ಎಂದಿತು. “ಯಜಮಾನರ ಹಾಗೆಯೇ ಇದೆ” ಎಂದು ಅವಳು ಫೋನನ್ನು ನನ್ನ ಕೈಗಿತ್ತಳು. ಈಚೆಗೆ ಕೃತಕ ಬುದ್ಧಿಯ ಮಾದರಿಗಳನ್ನು ಇಂತಹ ಬಾಟ್‌ಗೆ ಜೋಡಿಸಿ, ಆಡುಮಾತಿನಲ್ಲಿ ಹೇಳಿದುದನ್ನು ತಾನೇ ಊಹಿಸಿ ನಡೆಸುವಂತೆ ಮಾಡುವವರಿದ್ದಾರೆ. ವರದಿಯನ್ನು ಸಂಗ್ರಹಿಸಿ ಹೇಳಲು ಅದು ಒಳ್ಳೆಯದೇ. ಆಜ್ಞೆಯನ್ನು ಊಹಿಸುವ ಸೇವಕ ಮಾತ್ರ ನನ್ನ ಮನೆಗೆ ಬೇಡ.

ಇಷ್ಟೆಲ್ಲ ಆದರೂ ದೂತನು ಹೇಳಲಾರದ ಸುದ್ದಿಯೊಂದಿದೆ: ತನ್ನ ಮರಣ. ಇದನ್ನು ನಾವು ಕಲಿತುದು ಯುಪಿಎಸ್ ತಂದ ಹೊಸತರಲ್ಲಿ. ಸರ್ವರಿಗೆ ಯುಪಿಎಸ್‌ನಿಂದ ಕರೆಂಟು ಕೊಟ್ಟು, ಮೋಡೆಮ್ಮನ್ನು ಗೋಡೆಯ ಪ್ಲಗ್ಗಿನಲ್ಲಿಯೇ ಬಿಟ್ಟಿದ್ದೆವು. ಕರೆಂಟು ಹೋದಾಗ ಮೋಡೆಮ್ ಕಣ್ಣು ಮುಚ್ಚಿತು. ಬಾಟ್ ಕತ್ತಲಲ್ಲಿ ಕುಳಿತು ನಿಷ್ಠೆಯಿಂದ ಒಂದಾದ ಮೇಲೊಂದು ಎಚ್ಚರಿಕೆಯನ್ನು ಬರೆಯಿತು. ಎಲ್ಲವೂ ಮರುದಿನ ಬೆಳಗ್ಗೆ, ಕರೆಂಟು ಬಂದ ಮೇಲೆ, ಒಟ್ಟಿಗೆ ಬಂದು ನನ್ನ ಮುಂದೆ ಬಿದ್ದವು. ನಾನಾದರೋ ಇಡೀ ರಾತ್ರಿ, ಸುದ್ದಿಯಿಲ್ಲವಾದುದರಿಂದ ಸೌಖ್ಯವೆಂದೇ ತಿಳಿದು ನಿದ್ರಿಸಿದ್ದೆ. ಸುಖದ ಮೌನವೂ ಸಾವಿನ ಮೌನವೂ ಮೊಬೈಲಿನ ಪರದೆಯ ಮೇಲೆ ಒಂದೇ ರೀತಿ ಕಾಣುತ್ತವೆ.

ಆ ಮೇಲೆ ಮೋಡೆಮ್ಮೂ ಯುಪಿಎಸ್‌ನ ಆಶ್ರಯಕ್ಕೆ ಬಂದಿತು. ಅಳಿಯನ ಬೆಂಗಳೂರಿನ ಕೋಣೆಯಲ್ಲಿ ಇನ್ನೊಂದು ಚಿಕ್ಕ ಯಂತ್ರ ಕಾವಲಿಗೆ ಕುಳಿತಿತು. ಅಟ್ಟದ ಯಂತ್ರವು ಹತ್ತು ನಿಮಿಷಕ್ಕೊಮ್ಮೆ ಅದಕ್ಕೆ ‘ಇದ್ದೇನೆ’ ಎಂದು ಓಗೊಡಬೇಕು. ಮೂರು ಸಲ ಓಗೊಡದಿದ್ದರೆ ಕಾವಲಿನ ಯಂತ್ರವು ನಮಗೆ ತಿಳಿಸುತ್ತದೆ. ಯಾರ ಹಂಗೂ ಬೇಡವೆಂದು ಹರಟೆಯ ಸರ್ವರನ್ನೂ ಸ್ವಂತ ಮನೆಯಲ್ಲಿಯೇ, ಅದೇ ಯಂತ್ರದಲ್ಲಿ ನಡೆಸುವ ಸ್ವಾಭಿಮಾನಿಗಳಿಗೆ ನನ್ನ ಗೌರವವಿದೆ; ಆದರೆ ಮನೆಗೆ ಬೆಂಕಿ ಬಿದ್ದ ಸುದ್ದಿಯನ್ನು ಉರಿಯುವ ಮನೆಯ ಟಪಾಲು ಪೆಟ್ಟಿಗೆಗೆ ಹಾಕಿದಂತಾದೀತು.

ಮೇ ತಿಂಗಳ ಆ ಸಂಜೆ ಮಲಗಿದ ಯಂತ್ರ, ಕರೆಂಟು ಬಂದೊಡನೆ, ರಾತ್ರಿ 2 ಗಂಟೆ 40 ನಿಮಿಷಕ್ಕೆ ಎದ್ದು “ಎದ್ದಿದ್ದೇನೆ. ಡಿಸ್ಕು ಎರಡೂ ಕ್ಷೇಮ” ಎಂದು ಬರೆದಿದ್ದಿತು. ನಿಮ್ಮ ಮನೆಯಲ್ಲಿಯೂ ಇಂತಹದೊಂದು ಇದ್ದರೆ, ಊರಿಗೆ ಹೊರಡುವ ಮುನ್ನ ಅದರ ಇಂಟರ್‌ನೆಟ್ ಕೇಬಲನ್ನು (ಕರೆಂಟಿನದನ್ನಲ್ಲ!) ಒಮ್ಮೆ ಕಿತ್ತಿಟ್ಟು, ಅರ್ಧ ಗಂಟೆಯೊಳಗೆ ನಿಮಗೆ ಯಾರಾದರೂ ಸುದ್ದಿ ಹೇಳುತ್ತಾರೆಯೇ ಎಂದು ನೋಡಿ ಹೊರಡಿ.