ಬೆಂಕಿಗೆ ಸಿಗದೆ ಉಳಿದ ಕಾಗದಗಳು

ಜ್ಞಾನಸ್ನಾನದ ಪ್ರಮಾಣಪತ್ರ ಕೇಳಿಕೊಂಡು ಚರ್ಚ್ ಕಚೇರಿಗೆ ಬರುವವರಿಗೆ ಹಳೆಯ ದಾಖಲೆ ಪುಸ್ತಕದ ಬೆಲೆಯನ್ನು ವಿವರಿಸಬೇಕಾಗಿಲ್ಲ. ಅಂಥ ಪುಸ್ತಕಗಳು ರಾಶಿರಾಶಿಯಾಗಿ ಒಮ್ಮೆಲೇ ಬೂದಿಯಾದರೆ? ಐರ್ಲೆಂಡಿನಲ್ಲಿ ಹಾಗೆಯೇ ಆಯಿತು.

1922ರ ಜೂನ್ 30ರಂದು, ಅಂತರ್ಯುದ್ಧದ ಆರಂಭದಲ್ಲಿ, ಡಬ್ಲಿನ್ನಿನ ಫೋರ್ ಕೋರ್ಟ್ಸ್ ಆವರಣದಲ್ಲಿದ್ದ ಸರಕಾರಿ ದಾಖಲೆ ಭಂಡಾರ ಸ್ಫೋಟ ಮತ್ತು ಬೆಂಕಿಗೆ ತುತ್ತಾಯಿತು. ಉಯಿಲುಗಳು, ಕೋರ್ಟಿನ ಕಡತಗಳು, 1821ರಿಂದ 1851ರವರೆಗಿನ ಜನಗಣತಿಯ ಬಹುಪಾಲು ಹಾಳೆಗಳು ಸುಟ್ಟುಹೋದವು. ಆಂಗ್ಲಿಕನ್ ಪಂಥದ ಚರ್ಚ್ ಆಫ್ ಐರ್ಲೆಂಡಿನ ಅನೇಕ ಧರ್ಮಕೇಂದ್ರಗಳ ಪುಸ್ತಕಗಳನ್ನು ಕಾನೂನಿನಂತೆ ಅಲ್ಲಿಗೆ ಒಪ್ಪಿಸಲಾಗಿತ್ತು, ಅವೂ ಹೋದವು. ಕಥೋಲಿಕ ಪುಸ್ತಕಗಳಿಗೆ ಆ ಕಾನೂನು ಅನ್ವಯಿಸುತ್ತಿರಲಿಲ್ಲ. ಆಯಾ ಚರ್ಚಿನ ಕಪಾಟಿನಲ್ಲೇ ಇದ್ದುದರಿಂದ ಉಳಿದವು. (ಇದರಲ್ಲಿ ನಮ್ಮವರ ಜಾಣತನವೇನೂ ಇರಲಿಲ್ಲ ಎಂದು ಒಪ್ಪಿಕೊಳ್ಳಬೇಕು.) ಅವುಗಳ ಮೈಕ್ರೋಫಿಲ್ಮ್ ಪ್ರತಿಗಳನ್ನು ಐರ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ 2015ರಲ್ಲಿ ಅಂತರ್ಜಾಲದಲ್ಲಿ ಉಚಿತವಾಗಿ ತೆರೆದಿಟ್ಟಿತು.

ಉತ್ತರ ಐರ್ಲೆಂಡಿನ ಆರು ಕೌಂಟಿಗಳಿಗೆ, ಅಂದರೆ ನಮ್ಮ ಜಿಲ್ಲೆಗಳಂಥ ಆರು ಭಾಗಗಳಿಗೆ, 1923ರ ಕಾಯಿದೆಯಂತೆ ಬೆಲ್‌ಫಾಸ್ಟಿನಲ್ಲಿ ಪ್ರತ್ಯೇಕ ದಾಖಲೆ ಕಚೇರಿ ಹುಟ್ಟಿತು. ಲಿನನ್ ಬಟ್ಟೆಯ ಗೋದಾಮಿನ ಒಂದು ಮಹಡಿಯೇ ಅದರ ಮೊದಲ ನೆಲೆ. ಕಚೇರಿ ಇತ್ತು, ಹಳೆಯ ದಾಖಲೆಗಳೇ ಇರಲಿಲ್ಲ! ಅದನ್ನು ಮೊದಲು ನಡೆಸಿದ ಡಿ. ಎ. ಚಾರ್ಟ್ ಅವರು ವಕೀಲರ ಕಚೇರಿಗಳಿಗೂ ಜಮೀನ್ದಾರಿ ಕುಟುಂಬಗಳಿಗೂ ಮೊರೆಹೋದರು. ಗುತ್ತಿಗೆ ಪತ್ರ, ಉಯಿಲಿನ ನಕಲು, ನಕ್ಷೆ, ಖಾಸಗಿ ಪತ್ರ, ಗೇಣಿ ಲೆಕ್ಕದ ಪುಸ್ತಕ ಎಲ್ಲವೂ ಬಂದವು. ಜನಗಣತಿಯೇ ಸುಟ್ಟುಹೋದಲ್ಲಿ ಬಡ ಒಕ್ಕಲಿನ ಹೆಸರು ಸಿಗುವುದು ಎಷ್ಟೋ ಸಲ ಧಣಿಯ ಗೇಣಿ ಲೆಕ್ಕದಲ್ಲೇ. ರಸ್ತೆ, ಸೇತುವೆಗಳಿಗೆ ಹಣ ಮಂಜೂರು ಮಾಡುತ್ತಿದ್ದ ಕೌಂಟಿ ಗ್ರ್ಯಾಂಡ್ ಜ್ಯೂರಿಗಳ ಪುಸ್ತಕಗಳೂ ಇಂದು ಅಲ್ಲಿವೆ.

ಅಲ್ಲಿ ಖಾಸಗಿಯವರು ಕೊಟ್ಟ ಕಟ್ಟುಗಳ ಸಂಖ್ಯೆ ‘ಡಿ’ ಅಕ್ಷರದಿಂದಲೂ ನಕಲುಗಳದ್ದು ‘ಟಿ’ಯಿಂದಲೂ ಆರಂಭವಾಗುತ್ತದೆ. ‘ಟಿ 808’ ಎಂಬುದು ಟೆನಿಸನ್ ಗ್ರೋವ್ಸ್ ಎಂಬ ವಂಶಾವಳಿ ಸಂಶೋಧಕರು ಬೆಂಕಿಗೆ ಮೊದಲೇ ಡಬ್ಲಿನ್ನಿನಲ್ಲಿ ಕೈಬರಹದಲ್ಲಿ ಮಾಡಿಕೊಂಡ ಟಿಪ್ಪಣಿಗಳ ಸಂಗ್ರಹ. ಮೂಲವೇ ಇಲ್ಲದಾದ ಮೇಲೆ ಅವೇ ಆಧಾರ. ದೇಶದೇಶಗಳಲ್ಲಿ ಉಳಿದ ಇಂಥ ನಕಲುಗಳನ್ನು ಜೋಡಿಸಿ, ಸುಟ್ಟ ಭಂಡಾರದ ಡಿಜಿಟಲ್ ರೂಪವೊಂದನ್ನು 2022ರ ಜೂನ್‌ನಲ್ಲಿ ಅಂತರ್ಜಾಲದಲ್ಲಿ ತೆರೆಯಲಾಯಿತು.

ಇಂಥ ಕಚೇರಿಗಳಿಗೆ ಮನೆಯ ಕಾಗದಗಳನ್ನು ದಾನವಾಗಿ ಕೊಡಬಹುದು. ಒಡೆತನ ಉಳಿಸಿಕೊಂಡು ಠೇವಣಿಯಾಗಿ ಇಡುವ ಕ್ರಮವೂ ಇದೆ. ಒಂದೇ ಕಟ್ಟಿನಲ್ಲಿದ್ದ ಪತ್ರಗಳನ್ನು ಬಿಚ್ಚಿ ವಿಂಗಡಿಸದೆ ಇದ್ದ ಹಾಗೆಯೇ ಒಪ್ಪಿಸಬೇಕು, ಏಕೆಂದರೆ ಯಾವುದು ಯಾವುದರ ಜೊತೆಗಿತ್ತು ಎಂಬುದೂ ಮಾಹಿತಿಯೇ. ಲ್ಯಾಮಿನೇಷನ್ ಮಾತ್ರ ಬೇಡವೇ ಬೇಡ. ಬಿಸಿ ಮತ್ತು ಅಂಟಿನಿಂದ ಕಾಗದ ಹಾಳಾಗುತ್ತದೆ. ಮತ್ತೆ ಬಿಡಿಸುವುದು ಬಹಳ ಕಷ್ಟ.