ಹೆಸರು ಬೇಡ, ಸುಳಿವು ಸಾಕು

1976ರ ಜುಲೈ. ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಆಲ್ಬುಕರ್ಕಿಯಲ್ಲಿ, ಪೆಟ್ರೋಲ್ ಬಂಕಿನ ರಾತ್ರಿ ಪಾಳಿಯಲ್ಲಿದ್ದ ಕಾಲೇಜು ಹುಡುಗನನ್ನು ದರೋಡೆಕೋರರು ಗುಂಡಿಕ್ಕಿ ಕೊಂದರು. ವಾರಗಟ್ಟಲೆ ತಡಕಾಡಿದರೂ ಪೊಲೀಸರ ಕೈ ಖಾಲಿ. ಕೊನೆಗೆ ಪತ್ತೇದಾರ ಗ್ರೆಗ್ ಮ್ಯಾಕಲೀಸ್ ಆ ದೃಶ್ಯದ ಮರು ಅಭಿನಯ ಮಾಡಿಸಿ ಟಿವಿಯಲ್ಲಿ ತೋರಿಸಿದರು. ಒಂದು ಫೋನ್ ಬಂತು. ಮೂರೇ ದಿನದಲ್ಲಿ ಆರೋಪಿಗಳು ಸಿಕ್ಕಿಬಿದ್ದರು.

ಜನರಿಂದ ಅಪರಾಧಗಳ ಸುಳಿವು ಪಡೆಯುವ ‘ಕ್ರೈಮ್ ಸ್ಟಾಪರ್ಸ್’ ಹುಟ್ಟಿದ್ದು ಹೀಗೆ.

ಇಲ್ಲಿ ಕರೆ ಮಾಡಿದವರ ಹೆಸರನ್ನು ಯಾರೂ ಕೇಳುವುದಿಲ್ಲ. ಒಂದು ಗುಟ್ಟಿನ ಸಂಖ್ಯೆ ಕೊಡುತ್ತಾರೆ, ಅಷ್ಟೇ. ಸುಳಿವು ಫಲಿಸಿದರೆ ಆ ಸಂಖ್ಯೆ ಹೇಳಿ ನಗದು ಎಣಿಸಿಕೊಳ್ಳಬಹುದು, ಎಷ್ಟೋ ಊರುಗಳಲ್ಲಿ ಬ್ಯಾಂಕಿನ ಕೌಂಟರಿನಲ್ಲೇ. ಬಹುಮಾನದ ಹಣ ಹೆಚ್ಚಾಗಿ ಊರವರ ದೇಣಿಗೆ. ಎಷ್ಟು ಕೊಡಬೇಕೆಂದು ತೀರ್ಮಾನಿಸುವುದೂ ನಾಗರಿಕರ ಮಂಡಳಿಯೇ.

ತಮಾಷೆಯೆಂದರೆ, ಬ್ರಿಟನ್ನಿನಲ್ಲಿ 1988ರಿಂದ ನಡೆಯುತ್ತಿರುವ ಇಂಥದ್ದೇ ಸಂಸ್ಥೆಗೆ ಕರೆ ಮಾಡುವವರಲ್ಲಿ ಬಹುಮಾನ ಕೇಳುವವರು ತೀರ ವಿರಳ.