ಕೂಡಿ ನಗುವುದು: ಖರ್ಚಿಲ್ಲದ ಔಷಧ



ಶೇಂಗಾ ಹೊಲದಲ್ಲಿ ಕಳೆ ತೆಗೆಯುವ ಹೆಣ್ಣುಮಕ್ಕಳ ಸಾಲನ್ನು ನಾವೆಲ್ಲರೂ ನೋಡಿದ್ದೇವೆ. ಬಿಸಿಲು ನೆತ್ತಿಗೆ ಬಂದಿರುತ್ತದೆ, ಸೊಂಟ ಹಿಡಿದಿರುತ್ತದೆ. ಅಷ್ಟರಲ್ಲಿ ಸಾಲಿನ ಒಂದು ತುದಿಯಿಂದ ಯಾರೋ ಒಂದು ಮಾತು ಬಿಡುತ್ತಾರೆ. ಇನ್ನೊಂದು ತುದಿಯವರೆಗೂ ನಗು ಹಬ್ಬುತ್ತದೆ. ಆಮೇಲೆ ಕೈಗಳು ಮೊದಲಿಗಿಂತ ಚುರುಕಾಗಿ ಓಡುತ್ತವೆ. ಅದೇ ಕೆಲಸವನ್ನು ಒಬ್ಬರೇ ಮಾಡಿದರೆ ಅರ್ಧ ಸಾಲಿಗೇ ಬೇಸರ ಬರುತ್ತದೆ. ಇದು ನಮ್ಮ ಹಿರಿಯರಿಗೆ ಅನುಭವದಿಂದ ತಿಳಿದಿದ್ದ ಸಂಗತಿ. ನಕ್ಕಾಗ ನಮ್ಮ ದೇಹದಲ್ಲಿ ಏನಾಗುತ್ತದೆ, ನಗುವಿನಿಂದ ಏನು ಪ್ರಯೋಜನ, ಏನು ಆಗದು, ಮನೆಯಲ್ಲಿ ಒಬ್ಬರ ನಗು ನಿಂತುಹೋದರೆ ಉಳಿದವರು ಏನು ಮಾಡಬೇಕು ಎಂಬುದನ್ನು ಈ ಸಲ ತಿಳಿದುಕೊಳ್ಳೋಣ.

ನಕ್ಕಾಗ ದೇಹದಲ್ಲಿ ಏನಾಗುತ್ತದೆ?

ನಗು ಎಂಬುದು ಬರೀ ಮುಖದ ಕೆಲಸವಲ್ಲ. ಎದೆಗೂ ಹೊಟ್ಟೆಗೂ ನಡುವೆ ವಪೆ ಎಂಬ ಮಾಂಸದ ಪರದೆ ಇದೆ. ಜೋರಾಗಿ ನಕ್ಕಾಗ ಈ ವಪೆಯೂ ಪಕ್ಕೆಲುಬುಗಳ ನಡುವಿನ ಸ್ನಾಯುಗಳೂ ಹೊಟ್ಟೆಯ ಸ್ನಾಯುಗಳೂ ಮೇಲಿಂದ ಮೇಲೆ ಬಿಗಿದು ಸಡಿಲವಾಗುತ್ತವೆ. ಶ್ವಾಸಕೋಶದಲ್ಲಿದ್ದ ಗಾಳಿ ತುಂಡು ತುಂಡಾಗಿ ಹೊರಬಿದ್ದು, ಬಳಿಕ ದೀರ್ಘವಾದ ಉಸಿರು ಒಳಗೆ ಹೋಗುತ್ತದೆ. ಹೃದಯ ಸ್ವಲ್ಪ ಹೊತ್ತು ವೇಗವಾಗಿ ಬಡಿಯುತ್ತದೆ. ನಗು ನಿಂತ ಮೇಲೆ ಮೈಯ ಬಿಗಿ ಇಳಿಯುತ್ತದೆ. ‘ನಕ್ಕು ನಕ್ಕು ಕೈಯಲ್ಲಿ ಬಿಂದಿಗೆ ನಿಲ್ಲಲಿಲ್ಲ’ ಎಂದು ತಾಯಂದಿರು ಹೇಳುವುದು ಸುಳ್ಳಲ್ಲ; ಸ್ನಾಯುಗಳು ನಿಜವಾಗಿಯೂ ಸಡಿಲವಾಗಿರುತ್ತವೆ.

ಇದಲ್ಲದೆ, ನೋವನ್ನು ತಗ್ಗಿಸುವ ಎಂಡಾರ್ಫಿನ್ ಎಂಬ ವಸ್ತು ನಮ್ಮ ದೇಹದಲ್ಲಿಯೇ ಹುಟ್ಟುತ್ತದೆ. ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ರಾಬಿನ್ ಡನ್‌ಬಾರ್ ಮತ್ತು ಸಂಗಡಿಗರು 2011ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕೆಲವರಿಗೆ ನಗೆಯ ಚಿತ್ರ, ಕೆಲವರಿಗೆ ಸಾಧಾರಣ ಚಿತ್ರ ತೋರಿಸಿ, ಬಳಿಕ ತೋಳಿಗೆ ಮಂಜಿನಂತೆ ತಣ್ಣಗಿನ ಪಟ್ಟಿ ಸುತ್ತಿ ಎಷ್ಟು ಹೊತ್ತು ತಡೆಯುತ್ತಾರೆ ಎಂದು ನೋಡಿದರು. ಮನಸಾರೆ ನಕ್ಕವರು ಹೆಚ್ಚು ನೋವು ತಡೆದುಕೊಂಡರು. 2017ರಲ್ಲಿ ಫಿನ್ಲೆಂಡ್ ದೇಶದ ಸಂಶೋಧಕರು ಮಿದುಳಿನ ಚಿತ್ರ ತೆಗೆದು, ಗೆಳೆಯರೊಡನೆ ನಕ್ಕಾಗ ಇಂಥ ವಸ್ತುಗಳು ಮಿದುಳಿನಲ್ಲಿ ಬಿಡುಗಡೆಯಾಗುವುದನ್ನು ತೋರಿಸಿದರು.

ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಹೃದಯ ವೈದ್ಯರು 2005ರಲ್ಲಿ 20 ಜನ ಆರೋಗ್ಯವಂತರನ್ನು ಪರೀಕ್ಷಿಸಿದರು. ನಗಿಸುವ ಸಿನಿಮಾ ನೋಡಿದಾಗ ತೋಳಿನ ರಕ್ತನಾಳದಲ್ಲಿ ರಕ್ತದ ಹರಿವು ಸರಾಸರಿ ಶೇ. 22ರಷ್ಟು ಹೆಚ್ಚಿತು, ಯುದ್ಧದ ಭೀಕರ ದೃಶ್ಯ ನೋಡಿದಾಗ ಶೇ. 35ರಷ್ಟು ಇಳಿಯಿತು. ಆದರೆ 20 ಜನರ ಮೇಲೆ ನಡೆದ ಪರೀಕ್ಷೆಯಿಂದ ನಗು ಹೃದ್ರೋಗಕ್ಕೆ ಮದ್ದು ಎಂದು ಹೇಳಲಾಗದು. ಬಿ.ಪಿ. ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಬಿಟ್ಟು ನಗುತ್ತಾ ಕುಳಿತರೆ ಕಾಯಿಲೆ ವಾಸಿಯಾಗುವುದಿಲ್ಲ. ನಗು ಔಷಧಿಯ ಜೊತೆಗಿರುವ ಪಥ್ಯವಿದ್ದಂತೆ, ಔಷಧಿಗೆ ಬದಲಲ್ಲ.

ಒಬ್ಬರೇ ನಗುವುದು, ಕೂಡಿ ನಗುವುದು

ಹಾಸ್ಯ ಕೇಳಿದಾಗ ಮಾತ್ರ ನಗು ಬರುತ್ತದೆ ಎಂದು ನಾವು ತಿಳಿದಿದ್ದೇವೆ. ರಾಬರ್ಟ್ ಪ್ರೊವೈನ್ ಎಂಬ ಅಮೆರಿಕದ ವಿಜ್ಞಾನಿ ಪೇಟೆ, ಬೀದಿಗಳಲ್ಲಿ ಜನ ನಗುವುದನ್ನು ಬಹಳ ದಿನ ಗಮನಿಸಿ ಬೇರೆಯೇ ಮಾತು ಹೇಳಿದರು. ಹೆಚ್ಚಿನ ನಗು ಹಾಸ್ಯದ ಮಾತಿಗೆ ಬಂದದ್ದಲ್ಲ. ‘ಬಾರಣ್ಣ, ಎಲ್ಲಿಗೆ ಹೊರಟೆ?’ ಎಂಬಂಥ ಸಾಧಾರಣ ಮಾತಿಗೇ ಬಂದದ್ದು. ಒಬ್ಬರೇ ಇರುವಾಗ ನಗುವುದಕ್ಕಿಂತ ಜೊತೆಗೆ ಜನರಿರುವಾಗ ನಾವು ಸುಮಾರು 30 ಪಟ್ಟು ಹೆಚ್ಚು ನಗುತ್ತೇವೆ ಎಂಬುದೂ ಅವರ ಲೆಕ್ಕ. ಅಂದರೆ ನಗು ಮನುಷ್ಯ ಮನುಷ್ಯನನ್ನು ಹತ್ತಿರ ತರುವ ಭಾಷೆ. ಹಸುಗೂಸು ಮಾತು ಕಲಿಯುವ ಎಷ್ಟೋ ಮೊದಲು, ಮೂರು ನಾಲ್ಕು ತಿಂಗಳಿಗೇ, ತಾಯಿಯ ಮುಖ ನೋಡಿ ಕೇಕೆ ಹಾಕಿ ನಗುತ್ತದೆ.

ಮುಂಬಯಿಯ ಡಾಕ್ಟರ್ ಮದನ್ ಕಟಾರಿಯಾ 1995ರ ಮಾರ್ಚ್ ತಿಂಗಳಲ್ಲಿ ಒಂದು ಉದ್ಯಾನದಲ್ಲಿ ಐದೇ ಜನರೊಡನೆ ನಗೆಕೂಟ ಆರಂಭಿಸಿದರು. ಮೊದಮೊದಲು ನಗೆಹನಿಗಳನ್ನು ಹೇಳಿ ನಗುತ್ತಿದ್ದರು. ಕೆಲವೇ ದಿನಗಳಲ್ಲಿ ಒಳ್ಳೆಯ ನಗೆಹನಿಗಳು ಮುಗಿದು, ಕೆಲವರ ಮನಸ್ಸಿಗೆ ನೋವಾಗುವ ಮಾತುಗಳು ಬರತೊಡಗಿದವು. ಆಗ ಅವರು ನಗೆಹನಿಗಳನ್ನೇ ಬಿಟ್ಟು, ಒಬ್ಬರ ಮುಖ ಒಬ್ಬರು ನೋಡಿ ನಗುವುದನ್ನು ರೂಢಿಸಿದರು. ಇಂದು ಅನೇಕ ದೇಶಗಳಲ್ಲಿ ಇಂಥ ಕೂಟಗಳಿವೆ. ಪಟ್ಟಣದವರು ಉದ್ಯಾನಕ್ಕೆ ಹೋಗಿ ಕಲಿಯುವ ಇದನ್ನು ನಮ್ಮ ಊರಿನ ಕಟ್ಟೆ, ಕಳೆಯ ಸಾಲು, ಶೇಂಗಾ ಬಿಡಿಸುವ ಅಂಗಳ ಬಹಳ ಹಿಂದೆಯೇ ಕಲಿಸಿದ್ದವು.

ಆದರೆ ಇವು ಈಗ ಕಡಿಮೆಯಾಗುತ್ತಿವೆ. ಮಳೆ ಕೈಕೊಟ್ಟ ವರ್ಷ ನಮ್ಮ ಸೀಮೆಯ ಎಷ್ಟೋ ಕುಟುಂಬಗಳು ಮೆಣಸಿನಕಾಯಿ ಬಿಡಿಸಲು ಗುಂಟೂರಿನ ಕಡೆಗೂ, ಕಟ್ಟಡದ ಕೆಲಸಕ್ಕೆ ಬೆಂಗಳೂರಿಗೂ ಹೋಗುತ್ತವೆ. ಮನೆಯಲ್ಲಿ ಉಳಿಯುವವರು ಮುದುಕರು ಮತ್ತು ಮಕ್ಕಳು. ಎಲ್ಲರೂ ಮನೆಯಲ್ಲಿದ್ದಾಗಲೂ ರಾತ್ರಿ ಊಟವಾದ ಮೇಲೆ ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಮೊಬೈಲ್. ಮಗ ಒಂದು ಮೂಲೆಯಲ್ಲಿ ನಗುತ್ತಾನೆ, ಸೊಸೆ ಇನ್ನೊಂದು ಮೂಲೆಯಲ್ಲಿ ನಗುತ್ತಾಳೆ. ಅವ್ವನಿಗೆ ಇಬ್ಬರೂ ಏಕೆ ನಕ್ಕರೆಂದು ತಿಳಿಯದು. ಆ ನಗುವೂ ತಪ್ಪಲ್ಲ. ಆದರೆ ಹತ್ತಿರ ತರುವ ಕೆಲಸ ಅದರಿಂದ ಆಗುವುದಿಲ್ಲ.

ನಮ್ಮ ಸೀಮೆಗೆ ನಗು ಹೊಸದಲ್ಲ

ಬರಗಾಲದ ಸೀಮೆಯವರಿಗೆ ನಗು ಎಲ್ಲಿಂದ ಬರಬೇಕು ಎಂದು ಕೇಳುವವರುಂಟು. ಕನ್ನಡಿಗರೂ ತೆಲುಗರೂ ನಮ್ಮವನೆಂದು ಹೇಳಿಕೊಳ್ಳುವ ತೆನಾಲಿ ರಾಮಕೃಷ್ಣನ ಕಥೆಗಳು ಈ ತುಂಗಭದ್ರೆಯ ದಡದ ಹಂಪಿಯ ರಾಜಸಭೆಯವು. 1953ರವರೆಗೆ ನಮ್ಮ ಆದೋನಿ ತಾಲ್ಲೂಕು ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ಅದೇ ಜಿಲ್ಲೆಗೆ ಆಗ ಸೇರಿದ್ದ ಹರಪನಹಳ್ಳಿಯಲ್ಲಿ 1913ರಲ್ಲಿ ಹುಟ್ಟಿದವರು ಬೀಚಿ, ಅಂದರೆ ರಾಯಸಂ ಭೀಮಸೇನರಾಯರು. ಚಿಕ್ಕಂದಿನಲ್ಲೇ ತಂದೆ ತಾಯಿಯ ಆಸರೆ ತಪ್ಪಿ ಬಡತನ ಉಂಡು ಬೆಳೆದ ಅವರು, ತಿಂಮ ಎಂಬ ಪಾತ್ರದಿಂದ ಕನ್ನಡ ನಾಡನ್ನೆಲ್ಲ ನಗಿಸಿದರು. ಬೆಂಗಳೂರಿನಲ್ಲಿ ‘ರಾಶಿ’ ಎಂಬ ಹೆಸರಿನಿಂದ ಬರೆಯುತ್ತಿದ್ದ ಡಾಕ್ಟರ್ ಎಂ. ಶಿವರಾಂ ಅವರು ವೃತ್ತಿಯಿಂದ ವೈದ್ಯರು. 1942ರಲ್ಲಿ ‘ಕೊರವಂಜಿ’ ಎಂಬ ನಗೆಯ ಮಾಸಪತ್ರಿಕೆ ಆರಂಭಿಸಿ 25 ವರ್ಷ ನಡೆಸಿದರು. ಸುಖವಾಗಿರುವವರು ಮಾತ್ರ ನಗುತ್ತಾರೆ ಎಂಬುದು ನಿಜವಲ್ಲ. ಕಷ್ಟ ಕಂಡವರೇ ಹಲವು ಸಲ ಚೆನ್ನಾಗಿ ನಗಿಸಿದ್ದಾರೆ.

ವಿಶ್ವಾಸದ ಬೆಳಕಿನಲ್ಲಿ

ಹರ್ಷದ ಹೃದಯ ಒಳ್ಳೆಯ ಮದ್ದು, ಕುಗ್ಗಿದ ಮನಸ್ಸು ಎಲುಬನ್ನೂ ಒಣಗಿಸುತ್ತದೆ ಎಂಬ ಅರ್ಥದ ಮಾತು ಜ್ಞಾನೋಕ್ತಿಗಳ 17ನೇ ಅಧ್ಯಾಯದಲ್ಲಿದೆ. 126ನೇ ಕೀರ್ತನೆಯಂತೂ ರೈತರಿಗಾಗಿಯೇ ಬರೆದಂತಿದೆ: ಸೆರೆಯಿಂದ ಬಿಡುಗಡೆಯಾದ ಜನರ ಬಾಯಿ ನಗುವಿನಿಂದ ತುಂಬಿತೆಂದು ಹೇಳಿ, ಅಳುತ್ತಾ ಬಿತ್ತಲು ಹೋದವನು ಸಿವುಡುಗಳನ್ನು ಹೊತ್ತು ಹರ್ಷದಿಂದ ಮರಳುವ ಚಿತ್ರವನ್ನು ಅದು ಕೊಡುತ್ತದೆ. ಅಳು ಇಲ್ಲವೆಂದು ಅದು ಹೇಳುವುದಿಲ್ಲ. ಅಳುವೇ ಕೊನೆಯಲ್ಲ ಎನ್ನುತ್ತದೆ.

ಸಂತ ತೋಮಸ್ ಅಕ್ವಿನಾಸರು ಒಂದು ಹಳೆಯ ಕಥೆಯನ್ನು ಎತ್ತಿ ಹೇಳಿದ್ದಾರೆ. ಸಂತ ಯೊವಾನ್ನರು ಶಿಷ್ಯರೊಡನೆ ಆಟವಾಡುತ್ತಿದ್ದುದನ್ನು ಕಂಡು ಕೆಲವರು ಬೇಸರಪಟ್ಟರಂತೆ. ಆಗ ಅವರು ಬಿಲ್ಲು ಹಿಡಿದಿದ್ದ ಒಬ್ಬನನ್ನು ಕರೆದು ಬಾಣ ಬಿಡಿಸಿ, ‘ಹೀಗೆ ಬಿಡದೆ ಮಾಡುತ್ತಲೇ ಇರಬಲ್ಲೆಯಾ?’ ಎಂದು ಕೇಳಿದರು. ಬಿಡದೆ ಎಳೆದರೆ ಬಿಲ್ಲು ಮುರಿಯುತ್ತದೆ ಎಂದನು ಅವನು. ಮನುಷ್ಯನ ಮನಸ್ಸೂ ಹಾಗೆಯೇ ಎಂದರು ಸಂತರು. ನೊಗ ಇಳಿಸದೆ ಹೂಡಿದ ಎತ್ತು ಎಷ್ಟು ದಿನ ಬಾಳೀತು ಎಂಬುದು ನಮಗೆ ಗೊತ್ತೇ ಇದೆ. 16ನೇ ಶತಮಾನದಲ್ಲಿ ರೋಮ್ ನಗರದ ಸಂತ ಫಿಲಿಪ್ ನೇರಿಯವರು ತಮ್ಮನ್ನು ಜನ ದೊಡ್ಡ ಸಂತರೆಂದು ಹೊಗಳಬಾರದೆಂದು ಅರ್ಧ ಗಡ್ಡ ಬೋಳಿಸಿಕೊಂಡು ಬೀದಿಗೆ ಬಂದಿದ್ದರಂತೆ. ಮೇ 26ರಂದು ಅವರ ಹಬ್ಬ.

ಕೆಲವು ಎಚ್ಚರಿಕೆಗಳು

1. ಒಬ್ಬರನ್ನು ನೋಯಿಸಿ ಪಡೆಯುವ ನಗು ಔಷಧವಲ್ಲ, ವಿಷ. ಕುಂಟುವವರನ್ನು, ತೊದಲುವವರನ್ನು, ಜಾತಿಯನ್ನು, ಬಣ್ಣವನ್ನು, ಮಕ್ಕಳಿಲ್ಲದ ತಾಯಿಯನ್ನು, ಸಾಲ ಮಾಡಿದವನನ್ನು ಹಿಡಿದು ನಗುವುದು ಪಾಪ. ನಗೆಯಿಂದ ಹಗೆ ಹುಟ್ಟಿದ ಮನೆಗಳು ನಮ್ಮಲ್ಲಿ ಕಡಿಮೆಯೇನಲ್ಲ. ಎಲ್ಲರೂ ನಗುವಾಗ ನಗೆಗೆ ಗುರಿಯಾದವರೂ ನಗುತ್ತಿದ್ದಾರೆಯೇ ಎಂದು ನೋಡಿಕೊಳ್ಳಿ.

2. ನಗುತ್ತಿರುವ, ಓಡುತ್ತಿರುವ ಮಗುವಿನ ಬಾಯಿಗೆ ಶೇಂಗಾ ಬೀಜ ಹಾಕಬೇಡಿ. ನಗುವಾಗ ಬೀಜ ಅನ್ನನಾಳಕ್ಕೆ ಹೋಗದೆ ಶ್ವಾಸನಾಳಕ್ಕೆ ಇಳಿಯಬಹುದು. ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಬೀಜ ಕೊಡಲೇಬಾರದು. ಪುಡಿ ಮಾಡಿ ಕೊಡಿ. ಸಿಕ್ಕಿಕೊಂಡಾಗ ಮಗು ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ, ಕಾಣದ ವಸ್ತುವಿಗಾಗಿ ಬಾಯಿಗೆ ಬೆರಳು ಹಾಕಬೇಡಿ. ಕೆಮ್ಮಲೂ ಅಳಲೂ ಆಗದಿದ್ದರೆ ಮಗುವನ್ನು ತಲೆ ತಗ್ಗುವಂತೆ ಮುಂದಕ್ಕೆ ಬಗ್ಗಿಸಿ, ಬೆನ್ನಿನ ಮೇಲೆ ಎರಡು ಹೆಗಲುಗಳ ನಡುವೆ ಅಂಗೈ ಬುಡದಿಂದ ಐದು ಸಲ ಬಲವಾಗಿ ತಟ್ಟಿ. ಜೊತೆಯಲ್ಲಿರುವವರು ಕೂಡಲೇ 108ಕ್ಕೆ ಫೋನ್ ಮಾಡಲಿ. ಬೀಜ ನುಂಗಿದ ಮೇಲೆ ಕೆಮ್ಮು ನಿಲ್ಲದಿದ್ದರೆ ಸುಮ್ಮನಿರದೆ ಡಾಕ್ಟರಿಗೆ ತೋರಿಸಿ.

3. ಹೊಟ್ಟೆಯ ಆಪರೇಷನ್ ಆಗಿರುವವರು, ಹರ್ನಿಯಾ ಇರುವವರು ಜೋರು ನಗೆ ಬಂದಾಗ ಅಂಗೈಯಿಂದಾಗಲಿ ದಿಂಬಿನಿಂದಾಗಲಿ ಆ ಜಾಗವನ್ನು ಒತ್ತಿ ಹಿಡಿಯಬೇಕು. ಹೆರಿಗೆಯಾದ ಕೆಲವು ತಾಯಂದಿರಿಗೆ ನಗುವಾಗ, ಕೆಮ್ಮುವಾಗ ಮೂತ್ರ ಹನಿಯುತ್ತದೆ. ಇದಕ್ಕೆ ನಾಚಿ ನಗುವುದನ್ನೇ ಬಿಟ್ಟವರಿದ್ದಾರೆ. ಇದು ವ್ಯಾಯಾಮದಿಂದ, ಚಿಕಿತ್ಸೆಯಿಂದ ಕಡಿಮೆಯಾಗುವ ತೊಂದರೆ. ನರ್ಸಮ್ಮನಿಗಾಗಲಿ ಡಾಕ್ಟರಿಗಾಗಲಿ ತಿಳಿಸಿ.

ಮನೆಯಲ್ಲಿ ಒಬ್ಬರ ನಗು ನಿಂತಾಗ

ಇದು ಎಲ್ಲಕ್ಕಿಂತ ಮುಖ್ಯವಾದ ಮಾತು. ‘ನಗುವ ಹೆಂಗಸನ್ನು ನಂಬಬೇಡ, ಅಳುವ ಗಂಡಸನ್ನು ನಂಬಬೇಡ’ ಎಂಬ ಗಾದೆ ನಮ್ಮಲ್ಲಿದೆ. ಈ ಗಾದೆ ಹೆಣ್ಣುಮಕ್ಕಳ ನಗುವನ್ನೂ ಗಂಡಸರ ಕಣ್ಣೀರನ್ನೂ ಕಸಿದುಕೊಂಡಿದೆ. ಬೋರು ಬತ್ತಿ, ಹತ್ತಿಗೆ ಹುಳು ಬಿದ್ದು, ಈರುಳ್ಳಿಯ ಧಾರಣೆ ಕುಸಿದು, ಸಾಲಗಾರರು ಬಾಗಿಲಿಗೆ ಬಂದಾಗ ಮನೆಯ ಯಜಮಾನ ಯಾರೆದುರೂ ಅಳಲಾರದೆ ಒಳಗೊಳಗೇ ಕುಗ್ಗುತ್ತಾನೆ. ಹೀಗೆ ಪ್ರಾಣ ಕಳೆದುಕೊಂಡ ರೈತರ ಸುದ್ದಿ ನಮ್ಮ ಜಿಲ್ಲೆಯಲ್ಲಿ ಎಷ್ಟು ಸಲ ಕೇಳಿದ್ದೇವೆ!

ಸದಾ ನಗುತ್ತಿದ್ದವರು ಎರಡು ವಾರಕ್ಕೂ ಹೆಚ್ಚು ದಿನ ಸಪ್ಪಗಿದ್ದರೆ, ನಿದ್ದೆ ಊಟ ಬಿಟ್ಟರೆ, ಕಟ್ಟೆಗೂ ಪೂಜೆಗೂ ಬರುವುದನ್ನು ನಿಲ್ಲಿಸಿದರೆ, ‘ನಾನಿದ್ದು ಏನು ಪ್ರಯೋಜನ’ ಎಂದರೆ, ಅದು ಸೋಮಾರಿತನವೂ ಅಲ್ಲ, ದೆವ್ವದ ಕಾಟವೂ ಅಲ್ಲ. ಅದು ಖಿನ್ನತೆ ಎಂಬ ಕಾಯಿಲೆ ಇರಬಹುದು. ಅದಕ್ಕೆ ಚಿಕಿತ್ಸೆ ಇದೆ. ಅಂಥವರಿಗೆ ‘ನಗು, ಎಲ್ಲ ಸರಿಹೋಗುತ್ತದೆ’ ಎಂದು ಹೇಳಬೇಡಿ. ಕಾಲು ಮುರಿದವನಿಗೆ ಓಡು ಎಂದಂತಾಗುತ್ತದೆ. ಪಕ್ಕದಲ್ಲಿ ಕುಳಿತು, ‘ಅಣ್ಣಾ, ನಾಲ್ಕು ದಿನದಿಂದ ನಿನ್ನ ಮುಖ ಸಪ್ಪಗಿದೆ, ಏನಾಯಿತು ಹೇಳು’ ಎಂದು ಕೇಳಿ, ಮಧ್ಯೆ ಬುದ್ಧಿ ಹೇಳದೆ ಕೇಳಿಸಿಕೊಳ್ಳಿ. ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿ ಕೇಳಬಹುದು. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ, ಮನಸ್ಸಿನ ಭಾರ ಇಳಿಯುತ್ತದೆ. ಬಂದಿದೆ ಎಂದರೆ ಅವರನ್ನು ಒಂಟಿಯಾಗಿ ಬಿಡಬೇಡಿ. ಕೀಟನಾಶಕದ ಡಬ್ಬಿಗಳನ್ನು ಮನೆಯಲ್ಲಿ ಕೈಗೆ ಸಿಗುವಂತೆ ಇಡದೆ ಬೀಗ ಹಾಕಿ ಇಡಿ. ಆ ಒಂದು ಗಳಿಗೆ ದಾಟಿದರೆ ಎಷ್ಟೋ ಜೀವ ಉಳಿಯುತ್ತದೆ. 14416 ಎಂಬ ಟೆಲಿ ಮಾನಸ್ ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಖರ್ಚಿಲ್ಲದೆ ಫೋನ್ ಮಾಡಬಹುದು. 2022ರಲ್ಲಿ ಆರಂಭವಾದ ಈ ಸರ್ಕಾರಿ ಸೇವೆಯಲ್ಲಿ ಕನ್ನಡದಲ್ಲೂ ತೆಲುಗಿನಲ್ಲೂ ಮಾತನಾಡುವವರಿದ್ದಾರೆ. ಕರ್ನೂಲಿನ ಸರ್ಕಾರಿ ದೊಡ್ಡಾಸ್ಪತ್ರೆಯಲ್ಲಿ ಮನೋರೋಗ ವಿಭಾಗವೂ ಇದೆ.

ನಾವು ಮಾಡಬಹುದಾದದ್ದು

ವಾರಕ್ಕೆ ಒಂದು ರಾತ್ರಿಯಾದರೂ ಊಟದ ಹೊತ್ತಿಗೆ ಮೊಬೈಲುಗಳನ್ನೆಲ್ಲ ಗೂಡಿನಲ್ಲಿಟ್ಟು ಎಲ್ಲರೂ ಒಟ್ಟಿಗೆ ಕುಳಿತುಕೊಳ್ಳೋಣ. ಅಜ್ಜ ಅಜ್ಜಿಯರಿಂದ ಅವರ ಕಾಲದ ತಮಾಷೆಯ ಸಂಗತಿಗಳನ್ನು ಕೇಳಿ ತಿಳಿಯೋಣ. ದುಡಿಯಲು ಹೋದ ಮಗ ಫೋನ್ ಮಾಡಿದಾಗ ಸಾಲ, ಬಡ್ಡಿಯ ಮಾತಿನ ಜೊತೆ ಕರು ಹಗ್ಗ ಬಿಚ್ಚಿಕೊಂಡು ಮಾಡಿದ ಚೇಷ್ಟೆಯನ್ನೂ ಹೇಳೋಣ. ಭಾನುವಾರ ಪೂಜೆ ಮುಗಿದೊಡನೆ ಮನೆಗೆ ಓಡದೆ ಗುಡಿಯಂಗಳದಲ್ಲಿ ಹತ್ತು ನಿಮಿಷ ನಿಲ್ಲೋಣ. ಅಲ್ಲಿ ಎಲ್ಲರೂ ನಗುವಾಗ ಯಾರೊಬ್ಬರು ನಗದೆ ದೂರ ನಿಂತಿದ್ದಾರೆಂದು ನೋಡಿ, ಅವರ ಬಳಿಗೆ ಹೋಗಿ ಮಾತನಾಡಿಸೋಣ. ಆನಂದದ ಒಡೆಯನಾದ ಪ್ರಭು ನಮ್ಮ ಮನೆಗಳಲ್ಲೂ ಹೊಲಗಳಲ್ಲೂ ನೋಯಿಸದ ನಗುವನ್ನು ಹೆಚ್ಚಿಸಲಿ.